ಏರ್‌ಲೈನ್‌ನಿಂದ ಬಿಸಿನೆಸ್ ಜೆಟ್‌ಗೆ: ಪೈಲಟ್ ಹೊತ್ತು ತರುವುದೇನು, ಬಿಟ್ಟು ಬರುವುದೇನು

ಏರ್‌ಬಸ್ ಎ320 ಅಥವಾ ಬೋಯಿಂಗ್ 737 ವಿಮಾನದ ಎಡಸೀಟಿನಲ್ಲಿ ವರ್ಷಗಟ್ಟಲೆ ಕೂತು ಪಳಗಿದ ಕ್ಯಾಪ್ಟನ್ ಒಬ್ಬರು ಆ ಕೆಲಸ ಬಿಟ್ಟು, ಹತ್ತು ಹನ್ನೆರಡು ಜನ ಕೂರುವ ಖಾಸಗಿ ಜೆಟ್‌ನ ಕಾಕ್‌ಪಿಟ್‌ಗೆ ಬರುತ್ತಾರೆ. ಹೊರಗಿನವರ ಕಣ್ಣಿಗೆ ಇದು ದೊಡ್ಡ ಬಸ್ಸು ಬಿಟ್ಟು ಕಾರು ಹತ್ತಿದಷ್ಟು ಸಲೀಸು. ವಿಮಾನ ಹಾರಿಸುವ ಮಟ್ಟಿಗೆ ಆ ಎಣಿಕೆ ಪೂರ್ತಿ ತಪ್ಪೂ ಅಲ್ಲ. ಜೆಟ್ ಎಂಜಿನ್ನಿನ ಗುಣ, ಎತ್ತರದ ಹವಾಮಾನ, ಉಪಕರಣಗಳನ್ನೇ ನಂಬಿ ಇಳಿಯುವ ಕಲೆ ಎಲ್ಲವೂ ಅವರಿಗೆ ಕರಗತ. ಆದರೆ ಏರ್‌ಲೈನ್‌ನಲ್ಲಿ ಆ ಕ್ಯಾಪ್ಟನ್ ಒಬ್ಬಂಟಿಯಾಗಿರಲಿಲ್ಲ. ಹವಾಮಾನ ನೋಡುವವರು, ಇಂಧನದ ಲೆಕ್ಕ ಹಾಕುವವರು, ರೋಸ್ಟರ್ ಬರೆಯುವವರು, ಹಾರಾಟದ ದತ್ತಾಂಶ ತೆಗೆದು ತಪ್ಪು ಹುಡುಕುವವರು, ಪ್ರಯಾಣಿಕರ ಸಿಟ್ಟನ್ನು ಕಾಕ್‌ಪಿಟ್ ಬಾಗಿಲಿನಾಚೆಯೇ ತಡೆಯುವವರು ಅವರ ಬೆನ್ನಿಗಿದ್ದರು. ಖಾಸಗಿ ಜೆಟ್‌ಗೆ ಬಂದಾಗ ಕೈಚಳಕ ಜೊತೆಗೆ ಬರುತ್ತದೆ, ಈ ಸಂಸ್ಥೆ ಹಿಂದೆ ಉಳಿಯುತ್ತದೆ. ಈ ವಲಸೆಯ ಕಷ್ಟ ಸುಖಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಬಿಸಿನೆಸ್ ಜೆಟ್‌ನ ಹುಟ್ಟು

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಉಳಿದುಹೋದ ಸೇನಾ ವಿಮಾನಗಳನ್ನು ಕಂಪನಿಗಳು ಕೊಂಡು, ಒಳಗೆ ಸೋಫಾ ಹಾಕಿಸಿ, ತಮ್ಮ ಅಧಿಕಾರಿಗಳ ಓಡಾಟಕ್ಕೆ ಬಳಸಿದವು. ಜೆಟ್ ಎಂಜಿನ್ ಬಂದದ್ದು ಆಮೇಲೆ. ಲಾಕ್‌ಹೀಡ್ ಜೆಟ್‌ಸ್ಟಾರ್ 1957ರಲ್ಲಿ ಮೊದಲ ಬಾರಿ ಹಾರಿತು. ಬಿಲ್ ಲಿಯರ್ ಕಟ್ಟಿಸಿದ ಲಿಯರ್‌ಜೆಟ್ 23 ಹಾರಿದ್ದು 1963ರ ಅಕ್ಟೋಬರ್‌ನಲ್ಲಿ. ಚಿಕ್ಕದಾದರೂ ಅತಿ ವೇಗದ ಆ ವಿಮಾನ ಎಷ್ಟು ಹೆಸರು ಮಾಡಿತೆಂದರೆ, ಬಹಳ ಕಾಲ ಜನ ಯಾವ ಖಾಸಗಿ ಜೆಟ್ ಕಂಡರೂ ಲಿಯರ್‌ಜೆಟ್ ಎಂದೇ ಕರೆದರು.

1964ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಎಕ್ಸಿಕ್ಯುಟಿವ್ ಜೆಟ್ ಏವಿಯೇಷನ್ ಎಂಬ ಕಂಪನಿ ಶುರುವಾಯಿತು. ಅದರ ಹಿಂದೆ ಇದ್ದವರಲ್ಲಿ ಹೆಚ್ಚಿನವರು ಅಲ್ಲಿನ ವಾಯುಪಡೆಯ ನಿವೃತ್ತ ಅಧಿಕಾರಿಗಳು. ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಪೈಲಟ್ ಪಾಲ್ ಟಿಬ್ಬೆಟ್ಸ್ ಕೂಡ ಅಲ್ಲಿ ಸೇರಿ, ಮುಂದೆ ಅದರ ಅಧ್ಯಕ್ಷರಾದರು. 1986ರಲ್ಲಿ ರಿಚರ್ಡ್ ಸ್ಯಾಂಟುಲ್ಲಿ ಅಲ್ಲಿ ಹೊಸ ಪದ್ಧತಿ ತಂದರು. ಒಂದೇ ವಿಮಾನವನ್ನು ಹಲವರು ಪಾಲು ಹಾಕಿ ಕೊಳ್ಳುವುದು, ಪಾಲಿಗೆ ತಕ್ಕಷ್ಟು ಗಂಟೆ ಹಾರುವುದು. ಅದೇ ಇಂದಿನ ನೆಟ್‌ಜೆಟ್ಸ್. 1998ರಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಅದನ್ನು ಕೊಂಡಿತು. ಪೈಲಟ್‌ಗಳ ಪಾಲಿಗೆ ಇದು ದೊಡ್ಡ ತಿರುವು. ಒಬ್ಬ ಧಣಿಯ ವಿಮಾನ ಹಾರಿಸುವ ಕೆಲಸದ ಜೊತೆಗೆ, ನೂರಾರು ಜೆಟ್ ಇರುವ, ಏರ್‌ಲೈನ್‌ನಂತೆಯೇ ನಿಯಮ, ತರಬೇತಿ, ಯೂನಿಯನ್ ಇರುವ ಖಾಸಗಿ ಕಂಪನಿಯ ಕೆಲಸವೂ ಸಿಗತೊಡಗಿತು.

ಇಂದು ಈ ವಿಮಾನಗಳಲ್ಲಿ ಆರು ಜನ ಕೂರುವ ಸೆಸ್ನಾ ಸೈಟೇಷನ್, ಎಂಬ್ರೇಯರ್ ಫಿನಾಮ್‌ನಂಥ ಪುಟ್ಟ ಜೆಟ್‌ಗಳಿವೆ. ಖಂಡದಿಂದ ಖಂಡಕ್ಕೆ ಒಂದೇ ಉಸಿರಿಗೆ ಹಾರುವ ಗಲ್ಫ್‌ಸ್ಟ್ರೀಮ್ ಜಿ650, ಬೊಂಬಾರ್ಡಿಯರ್ ಗ್ಲೋಬಲ್ 7500 ಕೂಡ ಇವೆ. ಗ್ಲೋಬಲ್ 7500ರ ವ್ಯಾಪ್ತಿ 7,700 ನಾಟಿಕಲ್ ಮೈಲಿ, ಅಂದರೆ 14 ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಪುಟ್ಟ ಜೆಟ್‌ಗಳಲ್ಲಿ ಕೆಲವನ್ನು ಒಬ್ಬರೇ ಪೈಲಟ್ ಹಾರಿಸಲು ಪ್ರಮಾಣಪತ್ರವಿದೆ. ಏರ್‌ಲೈನ್‌ನಿಂದ ಬಂದವರಿಗೆ ಎಲ್ಲಕ್ಕಿಂತ ಅಪರಿಚಿತವಾದದ್ದು ಅದೇ.

ಕಾನೂನು ಮೂರು ಬಗೆ ಮಾಡುತ್ತದೆ

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಈ ಹಾರಾಟಗಳನ್ನು ಬೇರೆ ಬೇರೆ ಕಟ್ಟಳೆಯಲ್ಲಿ ಇಟ್ಟಿದೆ. ವೇಳಾಪಟ್ಟಿ ಪ್ರಕಟಿಸಿ ಟಿಕೆಟ್ ಮಾರುವ ಏರ್‌ಲೈನ್‌ಗಳು ಒಂದು ಬಗೆ. ವೇಳಾಪಟ್ಟಿಯಿಲ್ಲದೆ ಇಡೀ ವಿಮಾನವನ್ನು ಬಾಡಿಗೆಗೆ ಕೊಡುವ ಚಾರ್ಟರ್ ಕಂಪನಿಗಳು ಇನ್ನೊಂದು. ಇವುಗಳ ಪರವಾನಗಿಯನ್ನು ಈ ವಲಯದಲ್ಲಿ ಎಲ್ಲರೂ ಎನ್‌ಎಸ್‌ಒಪಿ ಎನ್ನುತ್ತಾರೆ. ಮೂರನೆಯದು ಮಾಲೀಕರು ಅಥವಾ ಕಂಪನಿ ತಮ್ಮ ಓಡಾಟಕ್ಕೆಂದೇ ಇಟ್ಟುಕೊಂಡ ಖಾಸಗಿ ವಿಮಾನ. ಇದನ್ನು ಬಾಡಿಗೆಗೆ ಬಿಡುವಂತಿಲ್ಲ. ಅಮೆರಿಕದಲ್ಲಿ ಇದೇ ವಿಂಗಡಣೆಗೆ ಭಾಗ 121, ಭಾಗ 135, ಭಾಗ 91 ಎಂಬ ಹೆಸರುಗಳಿವೆ. ಅಲ್ಲಿನ ಪೈಲಟ್‌ಗಳು ತಮ್ಮ ಕೆಲಸವನ್ನು ಗುರುತಿಸುವುದೇ ಈ ಅಂಕಿಗಳಿಂದ.

ಏರ್‌ಲೈನ್‌ನಿಂದ ಖಾಸಗಿ ಕಡೆಗೆ ಹೋದಂತೆಲ್ಲ ಕಾನೂನಿನ ಹಿಡಿತ ಸಡಿಲವಾಗುತ್ತದೆ. ಡ್ಯೂಟಿ ಗಂಟೆ, ವಿಶ್ರಾಂತಿ, ಇಳಿಯಲು ಬೇಕಾದ ರನ್‌ವೇ ಉದ್ದದ ಮೇಲಿನ ಹೆಚ್ಚುವರಿ ಅಂತರ, ಕನಿಷ್ಠ ಗೋಚರತೆ ಇವೆಲ್ಲ ಅಮೆರಿಕದಲ್ಲಿ ಏರ್‌ಲೈನ್‌ಗೆ ಬಲು ಬಿಗಿ, ಚಾರ್ಟರ್‌ಗೆ ಅದಕ್ಕಿಂತ ಕಡಿಮೆ, ಮಾಲೀಕರ ಸ್ವಂತ ವಿಮಾನಕ್ಕೆ ಇನ್ನೂ ಕಡಿಮೆ. ತನ್ನ ಜೀವ ತನ್ನ ಹೊಣೆ ಎಂಬುದು ಅದರ ಹಿಂದಿನ ತರ್ಕ. ಟಿಕೆಟ್ ಕೊಂಡ ಅಪರಿಚಿತರನ್ನು ಕಾಪಾಡುವುದು ಸರ್ಕಾರದ ಕೆಲಸ, ತನ್ನದೇ ವಿಮಾನ ಹತ್ತಿದವನು ತನ್ನನ್ನು ತಾನೇ ಕಾಪಾಡಿಕೊಳ್ಳಲಿ ಎಂಬ ನಿಲುವು. ಆ ಸಡಿಲಿನ ಭಾರ ಬಂದು ಬೀಳುವುದು ಮಾತ್ರ ಕ್ಯಾಪ್ಟನ್ ಮೇಲೆ.

ಖಾಸಗಿ ವಿಮಾನವನ್ನು ಗುಟ್ಟಾಗಿ ಬಾಡಿಗೆಗೆ ಬಿಡುವುದಕ್ಕೆ ಗ್ರೇ ಚಾರ್ಟರ್ ಎನ್ನುತ್ತಾರೆ. 2019ರ ಜನವರಿಯಲ್ಲಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸ್‌ನಿಂದ ವೇಲ್ಸ್‌ಗೆ ಹೊರಟ ಪುಟ್ಟ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಅದರ ಪೈಲಟ್‌ಗೆ ಇರಲಿಲ್ಲ, ರಾತ್ರಿ ಹಾರುವ ಅರ್ಹತೆಯೂ ಇರಲಿಲ್ಲ. ಆ ಹಾರಾಟವನ್ನು ಏರ್ಪಡಿಸಿದವರಿಗೆ 2021ರಲ್ಲಿ ಬ್ರಿಟನ್ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಏರ್‌ಲೈನ್‌ನಿಂದ ಬರುವ ಪೈಲಟ್ ಕೆಲಸಕ್ಕೆ ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ವಿಮಾನ ಯಾವ ಪರವಾನಗಿಯಲ್ಲಿ ಹಾರುತ್ತಿದೆ?

ಯಾಕೆ ಬಿಟ್ಟು ಬರುತ್ತಾರೆ

ಎಲ್ಲರೂ ಮನಸ್ಸಿನಿಂದ ಬಂದವರಲ್ಲ. ಬೆಂಗಳೂರಿಗರಿಗೆ ಚೆನ್ನಾಗಿ ನೆನಪಿರುವ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ಪ್ರತಿ ಬಾರಿಯೂ ಅನುಭವಿ ಕ್ಯಾಪ್ಟನ್‌ಗಳು ಒಮ್ಮೆಲೇ ಬೀದಿಗೆ ಬಂದರು. ಹೆಚ್ಚಿನವರನ್ನು ಬೇರೆ ಏರ್‌ಲೈನ್‌ಗಳೂ ಗಲ್ಫ್ ದೇಶಗಳೂ ಸೆಳೆದುಕೊಂಡವು. ಚಾರ್ಟರ್ ಕಂಪನಿಗಳ ಬಾಗಿಲು ತಟ್ಟಿದವರೂ ಇದ್ದರು. 2020ರಲ್ಲಿ ಕೋವಿಡ್ ಬಂದಾಗ ಜಗತ್ತಿನ ಏರ್‌ಲೈನ್‌ಗಳೆಲ್ಲ ನೆಲಕ್ಕಿಳಿದವು. ಜನಜಂಗುಳಿ ಬೇಡವೆಂದ ಸಿರಿವಂತರಿಂದ ಖಾಸಗಿ ಜೆಟ್‌ಗಳು ಅವುಗಳಿಗಿಂತ ಬಹಳ ಮೊದಲೇ ಚೇತರಿಸಿಕೊಂಡವು.

ಎರಡನೆಯ ಕಾರಣ ವಯಸ್ಸು. ಅಂತರರಾಷ್ಟ್ರೀಯ ನಿಯಮದಂತೆ 65 ತುಂಬಿದ ಮೇಲೆ ಏರ್‌ಲೈನ್ ಹಾರಾಟ ಮುಗಿಯುತ್ತದೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ವರೆಗೆ ಈ ಮಿತಿ 60 ಇತ್ತು. ಮಾಲೀಕರ ಸ್ವಂತ ವಿಮಾನ ಹಾರಿಸುವವರಿಗೆ ಅಲ್ಲಿ ಈ ಮಿತಿ ಅನ್ವಯಿಸುವುದಿಲ್ಲ. ಆರೋಗ್ಯ ಪರೀಕ್ಷೆಯಲ್ಲಿ ಪಾಸಾದರೆ ಸಾಕು. ಮೂವತ್ತು ನಲವತ್ತು ವರ್ಷ ಆಕಾಶವನ್ನೇ ಮನೆ ಮಾಡಿಕೊಂಡವರಿಗೆ ಒಂದು ಹುಟ್ಟುಹಬ್ಬದ ಮರುದಿನ ಅದು ಕೈತಪ್ಪುವುದು ಸಣ್ಣ ನೋವಲ್ಲ. ಅಮೆರಿಕದ ನಿವೃತ್ತ ಕ್ಯಾಪ್ಟನ್‌ಗಳು ಖಾಸಗಿ ಜೆಟ್ ಕಡೆ ತಿರುಗುವುದನ್ನು ಆ ಕಣ್ಣಿನಿಂದ ನೋಡಬೇಕು.

ಮೂರನೆಯದು ಬೇಸರ. ಅದೇ ಬೆಂಗಳೂರು–ದೆಹಲಿ, ಅದೇ ಬೆಳಗಿನ ಜಾವದ ಡ್ಯೂಟಿ, ಒಂದೇ ದಿನ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುವ ರೋಸ್ಟರ್. ಇದರಿಂದ ಬೇಸತ್ತವರಿಗೆ ಇಂದು ಮಾಲ್ಡೀವ್ಸ್, ನಾಳೆ ಜಿನೀವಾ ಎಂಬ ಕೆಲಸ ಆಕರ್ಷಕವೇ.

ಗಾಳಿ ತಿರುಗಿ ಬೀಸಿದ್ದೂ ಉಂಟು. 2022ರ ನಂತರ ಅಮೆರಿಕದ ಏರ್‌ಲೈನ್‌ಗಳಿಗೆ ಪೈಲಟ್ ಕೊರತೆ ಉಂಟಾಗಿ ಸಂಬಳ ಜಿಗಿಯಿತು. 2023ರ ಮಾರ್ಚ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್ ಪೈಲಟ್‌ಗಳು ಒಪ್ಪಿದ ಕರಾರಿನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು ಶೇ. 34ರಷ್ಟು ಏರಿಕೆ ಇತ್ತು. ಆಗ ಬಿಸಿನೆಸ್ ಜೆಟ್ ಪೈಲಟ್‌ಗಳೇ ಸಾಲುಗಟ್ಟಿ ಏರ್‌ಲೈನ್‌ಗೆ ಹೊರಟರು.

ನೋಟಿಸ್, ಟೈಪ್ ರೇಟಿಂಗ್, ಬಾಂಡ್

ಭಾರತದಲ್ಲಿ ಮೊದಲ ಅಡ್ಡಗೋಡೆ ಹಳೆಯ ಕೆಲಸ ಬಿಡುವುದೇ. 2017ರ ಡಿಜಿಸಿಎ ನಿಯಮದಂತೆ ಏರ್‌ಲೈನ್ ಬಿಡುವ ಕಮಾಂಡರ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಪೈಲಟ್ ಸಂಘಟನೆಗಳು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿವೆ. 2023ರಲ್ಲಿ ನೋಟಿಸ್ ಅವಧಿ ಮುಗಿಸದೆ ಹೊರಟ ಪೈಲಟ್‌ಗಳ ವಿರುದ್ಧ ಆಕಾಸ ಏರ್ ನ್ಯಾಯಾಲಯಕ್ಕೆ ಹೋಗಿತ್ತು. ನಾಳೆಯೇ ಪೈಲಟ್ ಬೇಕೆನ್ನುವ ಸಣ್ಣ ಚಾರ್ಟರ್ ಕಂಪನಿ ವರ್ಷಗಟ್ಟಲೆ ಕಾಯುವುದು ಕಷ್ಟ.

ಎರಡನೆಯದು ಟೈಪ್ ರೇಟಿಂಗ್. ಲೈಸೆನ್ಸ್ ಇದ್ದರೂ ಪ್ರತಿ ಮಾದರಿಯ ಜೆಟ್‌ಗೆ ಬೇರೆ ತರಬೇತಿ, ಬೇರೆ ಪರೀಕ್ಷೆ. ಎ320ರ ಸಿಮ್ಯುಲೇಟರ್ ಬೆಂಗಳೂರಿನಲ್ಲೇ ಸಿಗುತ್ತದೆ. ದೊಡ್ಡ ಬಿಸಿನೆಸ್ ಜೆಟ್‌ಗಳ ಸಿಮ್ಯುಲೇಟರ್ ಬೇಕೆಂದರೆ ಹೆಚ್ಚಾಗಿ ಅಮೆರಿಕ, ಯುರೋಪ್ ಅಥವಾ ದುಬೈಗೆ ಹೋಗಬೇಕು. ಖರ್ಚು ದೊಡ್ಡದು. ಅದನ್ನು ಕಂಪನಿ ಭರಿಸಿದರೆ ಪ್ರತಿಯಾಗಿ ಬಾಂಡ್ ಬರೆಸಿಕೊಳ್ಳುತ್ತದೆ. ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಹಿಂತಿರುಗಿಸಬೇಕು. ಮಾಲೀಕರು ವಿಮಾನವನ್ನೇ ಮಾರಿಬಿಟ್ಟರೆ ಬಾಂಡ್‌ನ ಗತಿಯೇನು ಎಂಬುದನ್ನು ಸಹಿ ಹಾಕುವ ಮುಂಚೆಯೇ ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

ಇನ್ನು ಸೀನಿಯಾರಿಟಿ. ಏರ್‌ಲೈನ್‌ಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಸಂಬಳ, ರಜೆ, ವಿಮಾನ, ಊರು ಎಲ್ಲವನ್ನೂ ನಿರ್ಧರಿಸುವುದು ಸೇರಿದ ದಿನಾಂಕದ ಕ್ರಮಸಂಖ್ಯೆ. ಬಿಟ್ಟು ಹೋದವರು ಮತ್ತೆ ಬಂದರೆ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಆದ್ದರಿಂದ ಅಲ್ಲಿ ನಡುಪ್ರಾಯದಲ್ಲಿ ಏರ್‌ಲೈನ್ ಬಿಡುವುದೆಂದರೆ ಬಹುತೇಕ ಹಿಂದಿರುಗದ ದಾರಿ.

ಕಾಕ್‌ಪಿಟ್ ಒಳಗೆ ಬದಲಾಗುವುದು

ಮೊದಲು ಎತ್ತರ. ಎ320ರ ಮಿತಿ ಸುಮಾರು 39 ಸಾವಿರ ಅಡಿ, ಬೋಯಿಂಗ್ 737ರದು 41 ಸಾವಿರ. ಬಿಸಿನೆಸ್ ಜೆಟ್‌ಗಳಲ್ಲಿ ಹಲವು 45 ಸಾವಿರ ಅಡಿಗೆ ಏರುತ್ತವೆ, ಗಲ್ಫ್‌ಸ್ಟ್ರೀಮ್ ಜಿ650 51 ಸಾವಿರ ಅಡಿವರೆಗೂ ಏರಬಲ್ಲದು. ಅಲ್ಲಿ ಏರ್‌ಲೈನ್‌ಗಳ ದಟ್ಟಣೆ ಇಲ್ಲ, ಮೋಡಗಳೂ ಬಹುಪಾಲು ಕೆಳಗುಳಿಯುತ್ತವೆ. ಆದರೆ ಗಾಳಿ ಅಷ್ಟು ತೆಳು. ಕ್ಯಾಬಿನ್ ಒತ್ತಡ ಹಠಾತ್ತನೆ ಕಳೆದುಹೋದರೆ 35 ಸಾವಿರ ಅಡಿಯಲ್ಲಿ ಮನುಷ್ಯನಿಗೆ ಬುದ್ಧಿ ಸ್ಥಿಮಿತದಲ್ಲಿರುವುದು ಅರ್ಧದಿಂದ ಒಂದು ನಿಮಿಷ. 50 ಸಾವಿರ ಅಡಿಯಲ್ಲಿ ಹತ್ತು ಸೆಕೆಂಡಿನ ಆಸುಪಾಸು. ಅಮೆರಿಕದಲ್ಲಿ 41 ಸಾವಿರ ಅಡಿ ದಾಟಿದರೆ ಒಬ್ಬ ಪೈಲಟ್ ಆಕ್ಸಿಜನ್ ಮಾಸ್ಕ್ ಹಾಕಿಕೊಂಡೇ ಇರಬೇಕೆಂಬ ನಿಯಮ ಅದಕ್ಕಾಗಿಯೇ. 1999ರ ಅಕ್ಟೋಬರ್ 25ರಂದು ಗಾಲ್ಫ್ ಆಟಗಾರ ಪೇಯ್ನ್ ಸ್ಟೂವರ್ಟ್ ಇದ್ದ ಲಿಯರ್‌ಜೆಟ್ 35 ಫ್ಲಾರಿಡಾದಿಂದ ಹೊರಟು, ಒತ್ತಡ ಕಳೆದುಕೊಂಡು, ಒಳಗಿದ್ದ ಆರೂ ಜನರಿಗೆ ಪ್ರಜ್ಞೆ ಇಲ್ಲದೆ ಗಂಟೆಗಟ್ಟಲೆ ಆಟೋಪೈಲಟ್‌ನಲ್ಲೇ ಹಾರಿ, ಇಂಧನ ಮುಗಿದು ದಕ್ಷಿಣ ಡಕೋಟಾದ ಹೊಲವೊಂದಕ್ಕೆ ಬಿತ್ತು.

ಎರಡನೆಯದು ಏರುವ ರಭಸ. ತೂಕಕ್ಕೆ ಹೋಲಿಸಿದರೆ ಈ ಜೆಟ್‌ಗಳ ಎಂಜಿನ್ ಬಲ ಹೆಚ್ಚು. ನಿಲ್ಲಬೇಕಾದ ಎತ್ತರವನ್ನು ನೋಡನೋಡುತ್ತಲೇ ದಾಟಿಬಿಡುವುದು ಹೊಸಬರ ಸಾಮಾನ್ಯ ತಪ್ಪು.

ಮೂರನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಅದು ಇಳಿಯುವ ಜಾಗಗಳು. ಏರ್‌ಲೈನ್ ಪೈಲಟ್ ಹೋಗುವ ನಿಲ್ದಾಣಗಳು ಎಣಿಕೆಯವು, ಬಹುಪಾಲು ಉದ್ದ ರನ್‌ವೇ, ಒಳ್ಳೆಯ ಉಪಕರಣ ಇರುವಂಥವು. ಬಿಸಿನೆಸ್ ಜೆಟ್ ಪೈಲಟ್ ಇಂದು ಬೆಂಗಳೂರಿನ ಎಚ್‌ಎಎಲ್, ನಾಳೆ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ಪಕ್ಕದ ವಿದ್ಯಾನಗರ, ನಾಡಿದ್ದು ಹಿಂದೆಂದೂ ಕಾಣದ ಗುಡ್ಡಗಾಡಿನ ಪಟ್ಟಿಗೆ ಇಳಿಯಬೇಕಾದೀತು. ಸ್ವಿಟ್ಜರ್‌ಲೆಂಡಿನ ಸಾಮೇಡನ್ ಸಮುದ್ರಮಟ್ಟದಿಂದ 1,700 ಮೀಟರ್ ಎತ್ತರದಲ್ಲಿದೆ, ಸುತ್ತ ಪರ್ವತಗಳು. ಅಲ್ಲಿ ಇಳಿಯಲು ಪೈಲಟ್‌ಗೆ ಪ್ರತ್ಯೇಕ ಅರ್ಹತೆ ಬೇಕು. ಒಂದು ರನ್‌ವೇಗೆ ಉಪಕರಣದ ನೆರವಿನಿಂದ ಇಳಿದು ಬಂದು, ಕೊನೆಗೆ ಕಣ್ಣಳತೆಯಲ್ಲಿ ಸುತ್ತು ಹಾಕಿ ಇನ್ನೊಂದು ರನ್‌ವೇಗೆ ಇಳಿಯುವ ಸರ್ಕ್ಲಿಂಗ್ ವಿಧಾನವನ್ನು ಅನೇಕ ಏರ್‌ಲೈನ್‌ಗಳು ಕೆಟ್ಟ ಹವೆಯಲ್ಲಿ ನಿಷೇಧಿಸಿವೆ. ಬಿಸಿನೆಸ್ ಜೆಟ್‌ನಲ್ಲಿ ಅದು ಮಾಮೂಲು.

2017ರ ಮೇ 15ರಂದು ನ್ಯೂಯಾರ್ಕ್ ಬಳಿಯ ಟೆಟರ್‌ಬರೊದಲ್ಲಿ ಲಿಯರ್‌ಜೆಟ್ 35ಎ ವಿಮಾನ ಹೀಗೆ ಸುತ್ತು ಹಾಕುವಾಗ ವೇಗ ಕಳೆದುಕೊಂಡು ಬಿತ್ತು, ಇಬ್ಬರು ಪೈಲಟ್‌ಗಳೂ ಸತ್ತರು. ಪ್ರಯಾಣಿಕರಿಲ್ಲದ ಖಾಲಿ ಹಾರಾಟ ಅದು. ಕಂಪನಿಯ ನಿಯಮದಂತೆ ಸಹಪೈಲಟ್ ಆ ವಿಮಾನವನ್ನು ಕೈಯಾರೆ ಹಾರಿಸುವಂತೆಯೇ ಇರಲಿಲ್ಲ, ಆದರೂ ಹೆಚ್ಚು ಹೊತ್ತು ಅವರೇ ಹಾರಿಸುತ್ತಿದ್ದರು. ಹಿಂದೆ ಪ್ರಯಾಣಿಕರಿಲ್ಲ ಎಂದಾಗ ಶಿಸ್ತು ಸಡಿಲಗೊಳ್ಳುವುದು ಈ ವೃತ್ತಿಯ ಗಂಭೀರ ಅಪಾಯ. ಬಿಸಿನೆಸ್ ಜೆಟ್‌ಗಳ ಹಾರಾಟದಲ್ಲಿ ಖಾಲಿ ಸಾಗುವ ಪಾಲು ಸಣ್ಣದಲ್ಲ.

ಕಾಕ್‌ಪಿಟ್ ಹೊರಗೆ

ಏರ್‌ಲೈನ್ ಕ್ಯಾಪ್ಟನ್ ವಿಮಾನ ನಿಲ್ದಾಣಕ್ಕೆ ಬರುವಾಗ ಹಾರಾಟದ ಯೋಜನೆ ಸಿದ್ಧವಾಗಿರುತ್ತದೆ. ಇಲ್ಲಿ ಅದನ್ನು ಮಾಡಿಸುವುದು, ಮಾಡಿದ್ದು ಸರಿಯೇ ಎಂದು ನೋಡುವುದು ಕ್ಯಾಪ್ಟನ್ನೇ. ಹೋಗುವ ಊರಿನ ನಿಲ್ದಾಣ ಎಷ್ಟು ಗಂಟೆವರೆಗೆ ತೆರೆದಿರುತ್ತದೆ? ಬೀದರ್‌ನಂಥ ವಾಯುಪಡೆಯ ನೆಲೆಗಳಲ್ಲಿ ಮುಂಗಡ ಅನುಮತಿ ಸಿಕ್ಕಿದೆಯೇ? ವಿಮಾನ ನಿಲ್ಲಿಸಲು ಜಾಗವಿದೆಯೇ, ಇಲ್ಲದಿದ್ದರೆ ಮಾಲೀಕರನ್ನು ಇಳಿಸಿ ಬೇರೆ ಊರಿಗೆ ಖಾಲಿ ಹಾರಬೇಕೇ? ರಾತ್ರಿ ಹನ್ನೊಂದಕ್ಕೆ ಇಂಧನ ಕೊಡುವವರು ಇರುತ್ತಾರೆಯೇ? ವಿದೇಶವಾದರೆ ಹಾದುಹೋಗುವ ಪ್ರತಿ ದೇಶದ ಅನುಮತಿ, ಕಸ್ಟಮ್ಸ್, ವಲಸೆ ತಪಾಸಣೆ, ಪ್ರಯಾಣಿಕರ ವೀಸಾ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಏರ್‌ಲೈನ್‌ಗಳಲ್ಲಿ ಹೊಸ ಮಾರ್ಗ ಬರೆಯಲು ದೊಡ್ಡ ತಂಡಗಳಿದ್ದವು. ಸಣ್ಣ ಕಂಪನಿಗಳಲ್ಲಿ ಆ ಹೊರೆ ಒಬ್ಬಿಬ್ಬರ ಮೇಲೆ ಬೀಳುತ್ತದೆ.

ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಇದಕ್ಕೆ ಒಳ್ಳೆಯ ಉದಾಹರಣೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಏರ್‌ಲೈನ್‌ಗಳೆಲ್ಲ ಅಲ್ಲಿಗೆ ಹೋದವು. ಊರ ನಡುವಿನ ಎಚ್‌ಎಎಲ್ ಬಿಸಿನೆಸ್ ಜೆಟ್, ಗಣ್ಯರ ವಿಮಾನ, ಹೆಲಿಕಾಪ್ಟರ್‌ಗಳಿಗೆ ಉಳಿಯಿತು. ಆದರೆ ತೇಜಸ್‌ನಂಥ ಯುದ್ಧವಿಮಾನಗಳ ಪರೀಕ್ಷಾ ಹಾರಾಟವೂ ಅಲ್ಲೇ. ಯಾವ ಹೊತ್ತಿನಲ್ಲಿ ರನ್‌ವೇ ಸಿಗುತ್ತದೆ, ಯಾವಾಗ ಇಲ್ಲ ಎಂಬುದನ್ನು ತಿಳಿದು ಸಮಯ ಹೊಂದಿಸುವುದೂ ಪೈಲಟ್ ಕೆಲಸದ ಭಾಗ.

ಸಾಮಾನು ಸರಂಜಾಮನ್ನು ಹೊಟ್ಟೆಯೊಳಗೆ ಜೋಡಿಸುವುದು, ಊಟ ತರಿಸುವುದು, ಪ್ರಯಾಣಿಕರು ಇಳಿದ ಮೇಲೆ ಸೀಟು ಒರೆಸುವುದು, ಮುಂದಿನ ಹಾರಾಟಕ್ಕೆ ಕಾಫಿ ಇದೆಯೇ ನೋಡುವುದು ಇವೆಲ್ಲವನ್ನೂ ಸಣ್ಣ ಜೆಟ್‌ಗಳಲ್ಲಿ ಇಬ್ಬರು ಪೈಲಟ್‌ಗಳೇ ಮಾಡುತ್ತಾರೆ. ಏರ್‌ಲೈನ್‌ನಿಂದ ಬಂದ ಕೆಲವರಿಗೆ ಇದು ತಮ್ಮ ಭುಜದ ಮೇಲಿನ ಕ್ಯಾಪ್ಟನ್ ಪಟ್ಟಿಗಳಿಗೆ ಕುಂದು ಎನಿಸುತ್ತದೆ. ಅಂಥವರು ಈ ಕೆಲಸಕ್ಕೆ ಬರದಿರುವುದೇ ಒಳಿತು. ತಮ್ಮ ವಿಮಾನವನ್ನು ಬಾಲದಿಂದ ಮೂಗಿನವರೆಗೆ ಕೈಮುಟ್ಟಿ ಅರಿಯುವ ಅವಕಾಶವೆಂದು ಇದನ್ನು ಪ್ರೀತಿಸುವವರಿದ್ದಾರೆ, ಬಹುಕಾಲ ನಿಲ್ಲುವವರೂ ಅವರೇ.

ಬೆಡ್‌ಫರ್ಡ್ ಕಲಿಸಿದ್ದು

ಈ ವಲಸೆಯ ಬಗ್ಗೆ ಮಾತಾಡುವ ಯಾರೂ ಬಿಡಬಾರದ ಅಪಘಾತ ಒಂದಿದೆ. 2014ರ ಮೇ 31ರ ರಾತ್ರಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ-4 ಜೆಟ್ ರನ್‌ವೇಯಲ್ಲಿ ಓಡಿತು, ಮೇಲೇಳಲಿಲ್ಲ. ರನ್‌ವೇ ದಾಟಿ ಕಮರಿಗೆ ನುಗ್ಗಿ ಉರಿಯಿತು. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಸಹ ಮಾಲೀಕ ಲೂಯಿಸ್ ಕಾಟ್ಜ್ ಸೇರಿ ಏಳೂ ಜನ ಸತ್ತರು.

ವಿಮಾನ ನಿಂತಿರುವಾಗ ಗಾಳಿಗೆ ರೆಕ್ಕೆ ಬಾಲದ ಚಲಿಸುವ ಭಾಗಗಳು ಬಡಿದಾಡದಂತೆ ಹಾಕುವ ಬೀಗವೊಂದಿದೆ, ಗಸ್ಟ್ ಲಾಕ್ ಎನ್ನುತ್ತಾರೆ. ಎಂಜಿನ್ ಶುರು ಮಾಡುವ ಮುನ್ನ ಅದನ್ನು ತೆಗೆಯಬೇಕು. ತೆಗೆದಿರಲಿಲ್ಲ. ಹೊರಡುವ ಮುನ್ನ ಕಂಟ್ರೋಲ್‌ಗಳನ್ನು ಎಡಕ್ಕೆ ಬಲಕ್ಕೆ ಮುಂದಕ್ಕೆ ಹಿಂದಕ್ಕೆ ಪೂರ್ತಿ ಆಡಿಸಿ ನೋಡುವ ಒಂದು ತಪಾಸಣೆಯಿದೆ. ಕೆಲವೇ ಸೆಕೆಂಡಿನ ಕೆಲಸ, ಮಾಡಿದ್ದರೆ ಬೀಗ ತಕ್ಷಣ ಗೊತ್ತಾಗುತ್ತಿತ್ತು. ಅದನ್ನೂ ಮಾಡಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಆ ವಿಮಾನದ ದತ್ತಾಂಶ ಪೆಟ್ಟಿಗೆ ತೆರೆದು ಹಿಂದಿನ 175 ಹಾರಾಟಗಳನ್ನು ನೋಡಿತು. ಪೂರ್ತಿ ತಪಾಸಣೆ ನಡೆದದ್ದು ಎರಡು ಬಾರಿ ಮಾತ್ರ.

ಇಬ್ಬರೂ ನುರಿತ ಪೈಲಟ್‌ಗಳು, ಹಲವು ವರ್ಷ ಜೊತೆಗೆ ಹಾರಿದವರು. ತರಬೇತಿ ಕೇಂದ್ರದಲ್ಲಿ ಪಾಸಾಗುತ್ತಿದ್ದರು. ಅವರ ಸಂಸ್ಥೆ ಸ್ವಯಂಪ್ರೇರಿತ ಸುರಕ್ಷತಾ ತಪಾಸಣೆಯಲ್ಲೂ ತೇರ್ಗಡೆಯಾಗಿತ್ತು. ಏರ್‌ಲೈನ್‌ನಲ್ಲಿ ಹೀಗಾಗುವುದು ಕಷ್ಟ ಏಕೆಂದರೆ ಅಲ್ಲಿ ಪಕ್ಕದ ಸೀಟಿನವರು ದಿನದಿನವೂ ಬದಲಾಗುತ್ತಾರೆ. ಹೆಸರೂ ಗೊತ್ತಿಲ್ಲದ ಇಬ್ಬರು ಒಟ್ಟಿಗೆ ಸುರಕ್ಷಿತವಾಗಿ ಹಾರಬೇಕಾದರೆ ಇಬ್ಬರೂ ಪುಸ್ತಕದಲ್ಲಿ ಬರೆದಂತೆಯೇ ನಡೆಯಬೇಕು. ಒಬ್ಬರು ಚೆಕ್‌ಲಿಸ್ಟ್ ಬಿಟ್ಟರೆ ಇನ್ನೊಬ್ಬರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಹತ್ತು ವರ್ಷ ಒಬ್ಬರನ್ನೊಬ್ಬರು ಬಲ್ಲವರ ನಡುವೆ ಮಾತು ಕಡಿಮೆಯಾಗುತ್ತದೆ, ಸನ್ನೆ ಸಾಕಾಗುತ್ತದೆ, ಆಮೇಲೆ ಸನ್ನೆಯೂ ಬೇಡವಾಗುತ್ತದೆ. ನೋಡುವ ಮೂರನೆಯ ಕಣ್ಣು ಇರುವುದಿಲ್ಲ.

ಇದು ಇಬ್ಬರ ದೋಷವಷ್ಟೇ ಎಂದು ತಳ್ಳಿಹಾಕುವಂತಿರಲಿಲ್ಲ. ಅಮೆರಿಕದ ಬಿಸಿನೆಸ್ ವಿಮಾನಯಾನ ಸಂಘ 2013ರಿಂದ 2015ರವರೆಗಿನ ಸುಮಾರು 1.44 ಲಕ್ಷ ಹಾರಾಟಗಳ ದತ್ತಾಂಶ ಪರಿಶೀಲಿಸಿದಾಗ, ಸರಿಸುಮಾರು ಶೇ. 18ರಷ್ಟು ಹಾರಾಟಗಳಲ್ಲಿ ಈ ತಪಾಸಣೆ ಅರೆಬರೆಯಾಗಿತ್ತು ಅಥವಾ ನಡೆದೇ ಇರಲಿಲ್ಲ.

ಏರ್‌ಲೈನ್‌ನಿಂದ ಬರುವ ಕ್ಯಾಪ್ಟನ್ ಖಾಸಗಿ ಜೆಟ್‌ಗೆ ತರಬಹುದಾದ ಅತ್ಯಮೂಲ್ಯ ವಸ್ತು ಇದೇ: ಯಾರೂ ನೋಡದಿದ್ದರೂ ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದುವ ಅಭ್ಯಾಸ. ಹೊಸ ಜಾಗದಲ್ಲಿ ಇದಕ್ಕೆ ನಗುವವರು ಇರುತ್ತಾರೆ, ಇಲ್ಲಿ ಇದೆಲ್ಲ ಬೇಕಿಲ್ಲ ಎನ್ನುವವರೂ ಇರುತ್ತಾರೆ. ಸಾವಿರಾರು ಗಂಟೆಗಳ ಹಾರಾಟದ ದಾಖಲೆಗಿಂತ ಈ ಒಂದು ಅಭ್ಯಾಸ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ಸೀಟಿನ ಒತ್ತಡ

ಏರ್‌ಲೈನ್‌ನಲ್ಲಿ ಮಂಜು ಕವಿದು ಮೂರು ಗಂಟೆ ತಡವಾದರೆ ಪ್ರಯಾಣಿಕರು ಬೈಯುವುದು ಕೌಂಟರ್‌ನಲ್ಲಿ ಕೂತವರನ್ನು. ಖಾಸಗಿ ಜೆಟ್‌ನಲ್ಲಿ ಪ್ರಯಾಣಿಕರು ಕ್ಯಾಪ್ಟನ್‌ನ ಭುಜದ ಹಿಂದೆಯೇ ಇರುತ್ತಾರೆ, ಸಂಬಳ ಕೊಡುವವರೂ ಅನೇಕ ಸಲ ಅವರೇ.

2001ರ ಮಾರ್ಚ್ 29ರಂದು ಲಾಸ್ ಏಂಜಲೀಸ್‌ನಿಂದ ಕೊಲರಾಡೊದ ಆಸ್ಪೆನ್‌ಗೆ ಹೊರಟ ಗಲ್ಫ್‌ಸ್ಟ್ರೀಮ್ ಜಿ-3 ಚಾರ್ಟರ್ ವಿಮಾನ ಬೆಟ್ಟದ ಬುಡಕ್ಕೆ ಅಪ್ಪಳಿಸಿ 18 ಜನ ಸತ್ತರು. ಪ್ರಯಾಣಿಕರು ತಡವಾಗಿ ಬಂದಿದ್ದರು. ಕತ್ತಲಾದ ಮೇಲೆ ಆ ವಿಮಾನ ಅಲ್ಲಿ ಇಳಿಯುವಂತಿರಲಿಲ್ಲ. ಬೇರೆ ನಿಲ್ದಾಣಕ್ಕೆ ಹೋಗಬೇಕಾದೀತು ಎಂದಾಗ ಬಾಡಿಗೆ ಹಿಡಿದವರು ಸಿಟ್ಟಾದ ಸುದ್ದಿ ಕ್ಯಾಪ್ಟನ್ ಕಿವಿಗೆ ತಲುಪಿತ್ತು. ಹಿಮ ಸುರಿಯುತ್ತಿದ್ದ ಆ ಸಂಜೆ ಇಳಿಯುವ ಪ್ರಯತ್ನದ ವೇಳೆ ಒಬ್ಬ ಪ್ರಯಾಣಿಕ ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲೇ ಕೂತಿದ್ದ. ತನಿಖಾ ವರದಿ ಈ ಒತ್ತಡವನ್ನೂ ಕಾರಣಗಳ ಸಾಲಿನಲ್ಲಿ ದಾಖಲಿಸಿದೆ.

ನಮ್ಮಲ್ಲಿ ಈ ಒತ್ತಡ ತೀರಾ ಹೆಚ್ಚುವುದು ಚುನಾವಣೆ ಬಂದಾಗ. ಒಂದೇ ದಿನ ನಾಲ್ಕೈದು ಸಭೆ, ಪ್ರತಿ ಸಭೆಯೂ ತಡ, ಕೊನೆಯ ಊರಿನಲ್ಲಿ ದೀಪವಿಲ್ಲದ ಪಟ್ಟಿ. ಅದಕ್ಕೆಂದೇ ಡಿಜಿಸಿಎ ಚುನಾವಣಾ ಹಾರಾಟಕ್ಕೆ ಪ್ರತ್ಯೇಕ ಸುರಕ್ಷತಾ ಸೂಚನೆ ಹೊರಡಿಸಿದೆ. ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಅವರು 2001ರ ಸೆಪ್ಟೆಂಬರ್ 30ರಂದು ಸಭೆಯೊಂದಕ್ಕೆ ಹೋಗುವಾಗ ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಸಣ್ಣ ವಿಮಾನದಲ್ಲಿ ತೀರಿಕೊಂಡರು. ಕನ್ನಡಿಗರು ಮರೆಯಲಾರದ ದಿನ 2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆ ಹೊರಟ ನಟಿ ಸೌಂದರ್ಯ ಇದ್ದ ಸೆಸ್ನಾ 180 ಜಕ್ಕೂರಿನಿಂದ ಮೇಲೆದ್ದ ಕೂಡಲೇ ಬಿದ್ದು ನಾಲ್ವರೂ ಸತ್ತರು. ಇವು ಜೆಟ್‌ಗಳಲ್ಲ, ಕಾರಣಗಳೂ ಬೇರೆ ಬೇರೆ. ಆದರೆ ಏರ್‌ಲೈನ್ ಹಾರಾಟಕ್ಕಿರುವ ರಕ್ಷಣೆಯ ಪದರಗಳು ಸಣ್ಣ ವಿಮಾನದ ಹಾರಾಟಕ್ಕೆ ಇಲ್ಲವೆಂಬುದನ್ನು ನಮಗೆ ಮನವರಿಕೆ ಮಾಡಿಸಿದ ಸಾವುಗಳಿವು. ಜೆಟ್‌ಗಳೂ ಹೊರತಲ್ಲ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಚಾರ್ಟರ್ ಲಿಯರ್‌ಜೆಟ್ 45 ಜಡಿಮಳೆಯಲ್ಲಿ ಮುಂಬೈ ರನ್‌ವೇಯಿಂದ ಜಾರಿ ಎರಡು ತುಂಡಾಯಿತು. ಒಳಗಿದ್ದ ಎಂಟೂ ಜನ ಬದುಕಿದರು.

ಬೇಡ ಎಂದು ಹೇಳುವುದು ಏರ್‌ಲೈನ್‌ನಲ್ಲಿ ನಿಯಮದ ಮಾತು. ಇಲ್ಲಿ ಅದನ್ನು ಎದುರಿಗೆ ನಿಂತು, ಮುಖ ನೋಡಿ ಹೇಳಬೇಕು. ಅನುಭವಸ್ಥರು ಇದಕ್ಕೊಂದು ಉಪಾಯ ಮಾಡುತ್ತಾರೆ. ಹಿಂದಿನ ರಾತ್ರಿಯೇ ಮಾಲೀಕರಿಗೆ ಹವಾಮಾನ ಹೇಳಿ, ಪರ್ಯಾಯ ಊರು, ಅಲ್ಲಿಂದ ಕಾರು, ಎಲ್ಲವನ್ನೂ ಮುಂಚಿತವಾಗಿ ಏರ್ಪಡಿಸಿಡುತ್ತಾರೆ. ಆಗ ಬೇಡ ಎಂಬುದರ ಬದಲು ಹೀಗೆ ಹೋಗೋಣ ಎಂದು ಹೇಳಬಹುದು.

ಸಂಬಳ, ರಜೆ, ಭದ್ರತೆ

ಸಂಬಳದ ಬಗ್ಗೆ ಒಂದೇ ಮಾತು ಹೇಳಲಾಗದು. ದೊಡ್ಡ ಉದ್ಯಮ ಸಮೂಹದ ಉದ್ದ ವ್ಯಾಪ್ತಿಯ ಜೆಟ್ ಹಾರಿಸುವವರಿಗೆ ಏರ್‌ಲೈನ್‌ಗೆ ಸಮನಾದ ಸಂಬಳ ಸಿಗಬಹುದು, ಸಣ್ಣ ಚಾರ್ಟರ್ ಕಂಪನಿಯಲ್ಲಿ ಸಿಗದು. ಹಾರುವ ಗಂಟೆ ಕಡಿಮೆ, ಕಾಯುವ ಗಂಟೆ ಹೆಚ್ಚು. ಅಣ್ಣನ ಮಗಳ ಮದುವೆಯ ಹಿಂದಿನ ದಿನ ಫೋನ್ ಬಂದರೆ ಹೊರಡಬೇಕು. ನೆಟ್‌ಜೆಟ್ಸ್‌ನಂಥ ಕಂಪನಿಗಳಲ್ಲಿ ಏಳು ದಿನ ಕೆಲಸ, ಏಳು ದಿನ ರಜೆ ಎಂಬ ನಿಶ್ಚಿತ ಪದ್ಧತಿಯಿದೆ. ಒಬ್ಬ ಮಾಲೀಕರ ವಿಮಾನದಲ್ಲಿ ಅಂಥದ್ದನ್ನು ನಿರೀಕ್ಷಿಸುವುದು ಕಷ್ಟ.

ಭದ್ರತೆಯಂತೂ ಮಾಲೀಕರ ಭಾಗ್ಯದ ಜೊತೆ ಕಟ್ಟಿಕೊಂಡದ್ದು. ವಿಜಯ್ ಮಲ್ಯ ಅವರ ಖಾಸಗಿ ಏರ್‌ಬಸ್ ಎ319 ಸೇವಾ ತೆರಿಗೆ ಬಾಕಿಗಾಗಿ ಜಪ್ತಿಯಾಗಿ, ವರ್ಷಗಟ್ಟಲೆ ಮುಂಬೈಯಲ್ಲಿ ನಿಂತು, 2018ರಲ್ಲಿ ಹರಾಜಾಯಿತು. ಉದ್ಯಮ ಕುಸಿದಾಗ ಮೊದಲು ಮಾರಾಟಕ್ಕೆ ಬರುವ ಆಸ್ತಿಗಳಲ್ಲಿ ಜೆಟ್ ಒಂದು.

ಬಾಡಿಗೆಗೆ ಪಡೆಯುವವರಿಗೆ

ಚಾರ್ಟರ್ ವಿಮಾನ ಈಗ ಸಿರಿವಂತರಿಗಷ್ಟೇ ಸೀಮಿತವಲ್ಲ. ಕಲಬುರಗಿಯಿಂದಲೋ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಏರ್ ಆಂಬುಲೆನ್ಸ್‌ನಲ್ಲಿ ತರುವ ಮನೆಯವರೂ ಕೆಲವು ಗಂಟೆಗಳ ಮಟ್ಟಿಗೆ ಚಾರ್ಟರ್ ಗ್ರಾಹಕರೇ. ಅವರೆಲ್ಲ ಹಣ ಕೊಡುವ ಮುನ್ನ ಕೇಳಿ ತಿಳಿಯಬೇಕಾದದ್ದು ಹೆಚ್ಚೇನಿಲ್ಲ. ಕಂಪನಿಗೆ ಡಿಜಿಸಿಎ ಎನ್‌ಎಸ್‌ಒಪಿ ಪರವಾನಗಿ ಇದೆಯೇ, ಈ ನಿರ್ದಿಷ್ಟ ವಿಮಾನ ಅದರಲ್ಲಿ ನಮೂದಾಗಿದೆಯೇ, ಇಬ್ಬರು ಪೈಲಟ್‌ಗಳಿರುತ್ತಾರೆಯೇ, ಅವರು ಕಳೆದ ರಾತ್ರಿ ಮಲಗಿದ್ದಾರೆಯೇ. ಹೊರಟ ಮೇಲೆ ಪಾಲಿಸಬೇಕಾದದ್ದು ಒಂದೇ. ಹವೆ ಸರಿಯಿಲ್ಲ, ಈಗ ಹೋಗುವುದು ಬೇಡ ಎಂದು ಕ್ಯಾಪ್ಟನ್ ಹೇಳಿದರೆ ದಯವಿಟ್ಟು ಅವರನ್ನು ಎರಡನೇ ಸಲ ಕೇಳಬೇಡಿ.